ಬ್ಯಾಕ್ಟೀರಿಯಾ ಬೆಸೆದ ಮರಳು ಭಾರಕ್ಕೆ ಎಲ್ಲಿ ಒಡೆಯುತ್ತದೆ? ಕಂಪ್ಯೂಟರಿನಲ್ಲಿ ಕಟ್ಟಿ ನೋಡುವ ಸಮಗ್ರ ಮಾರ್ಗದರ್ಶಿ

ಮಳೆಗಾಲದಲ್ಲಿ ಕಾಸರಗೋಡಿನ ಉಪ್ಪಳದ ಮುಸೋಡಿ ಕಡೆ ಹೋಗಿ ಬಂದವರಿಗೆ ಕಡಲ್ಕೊರೆತ ಎಂದರೇನೆಂದು ವಿವರಿಸಬೇಕಾಗಿಲ್ಲ. ತಡೆಗೋಡೆಯ ಕಲ್ಲುಗಳನ್ನು ಅಲೆ ಒಡೆಯುವುದಿಲ್ಲ. ಕಲ್ಲಿನ ಬುಡದ ಮರಳನ್ನು ಎಳೆದುಕೊಂಡು ಹೋಗುತ್ತದೆ, ಕಲ್ಲು ತಾನಾಗಿಯೇ ಕೆಳಗಿಳಿಯುತ್ತದೆ. ಆ ಮರಳನ್ನೇ, ನಮ್ಮ ಕಡೆಯ ಮಾತಿನಲ್ಲಿ ಹೊಯಿಗೆಯನ್ನೇ, ಇದ್ದಲ್ಲಿಯೇ ಗಟ್ಟಿಯಾಗಿಸುವ ಒಂದು ವಿದ್ಯೆ ಇದೆ ಎಂದು ನಾನು ಹೇಳಿದಾಗ ನೆರೆಮನೆಯ ಹಿರಿಯ ಮೀನುಗಾರರೊಬ್ಬರು ನಕ್ಕು ಕೇಳಿದರು: "ಮಾಸ್ಟ್ರೇ, ಹೊಯಿಗೆಗೆ ಬ್ಯಾಕ್ಟೀರಿಯಾ ಹಾಕಿದರೆ ಕಡಲು ಹೆದರುತ್ತದೆಯೇ?"

ಪ್ರಶ್ನೆ ಸರಿಯಾದದ್ದೇ. ಗಟ್ಟಿಯಾದ ಮರಳು ಎಷ್ಟು ಭಾರ ಹೊರುತ್ತದೆ, ಸೋಲುವಾಗ ಮೆಲ್ಲಗೆ ಬಾಗುತ್ತದೆಯೇ ಅಥವಾ ಒಮ್ಮೆಲೇ ಸಿಡಿಯುತ್ತದೆಯೇ ಎಂಬುದನ್ನು ಪ್ರಯೋಗಾಲಯದಲ್ಲಿ ಅಳೆಯಬಹುದು. ಆದರೆ ಒಳಗೆ ಯಾವ ಬೆಸುಗೆ ಮೊದಲು ಒಡೆಯಿತು ಎಂಬುದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಕಂಪ್ಯೂಟರ್ ಬೇಕು. ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವ, ಪೈಥಾನ್ ಭಾಷೆಯ ಮೊದಲ ಪಾಠಗಳನ್ನು ಮುಗಿಸಿರುವ, ಮನೆಯಲ್ಲಿ ಒಂದು ಸಾಧಾರಣ ಕಂಪ್ಯೂಟರ್ ಇರುವ ಯಾರು ಬೇಕಾದರೂ ಮಾಡಬಹುದಾದ ಕೆಲಸ ಇದು.

ಮೊದಲು ಬೆಸುಗೆಯ ಪರಿಚಯ

ಸ್ಪೋರೊಸಾರ್ಸಿನಾ ಪಾಶ್ಚರೀ ಎಂಬ ಮಣ್ಣಿನ ಬ್ಯಾಕ್ಟೀರಿಯಾ ಯೂರಿಯೇಸ್ ಎಂಬ ಕಿಣ್ವವನ್ನು ಧಾರಾಳವಾಗಿ ತಯಾರಿಸುತ್ತದೆ. ಮರಳಿಗೆ ಅದನ್ನು ಸೇರಿಸಿ, ಮೇಲಿನಿಂದ ಯೂರಿಯಾ ಮತ್ತು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದ ನೀರನ್ನು ಹಾಯಿಸಿದರೆ ಕಿಣ್ವವು ಯೂರಿಯಾವನ್ನು ಒಡೆದು ಅಮೋನಿಯಂ ಮತ್ತು ಕಾರ್ಬೊನೇಟ್ ಮಾಡುತ್ತದೆ. ಕಾರ್ಬೊನೇಟ್ ಕ್ಯಾಲ್ಸಿಯಂ ಜೊತೆ ಕೂಡಿ ಕ್ಯಾಲ್ಸೈಟ್ ಹರಳಾಗಿ ಮರಳಿನ ಕಣಗಳ ಮೇಲೆ ಕೂರುತ್ತದೆ. ಇಷ್ಟೇ ರಸಾಯನಶಾಸ್ತ್ರ ಸಾಕು.

ಸಾಲದೇ ಇರುವುದು ಒಂದು ವಿಷಯ: ಹರಳು ಎಲ್ಲಿ ಕೂರುತ್ತದೆ? ಅರಳುಂಡೆ ಕಟ್ಟಿದವರಿಗೆ ಇದು ಗೊತ್ತು. ಬೆಲ್ಲದ ಪಾಕ ಅರಳಿನ ಮೈಗೆಲ್ಲ ಸವರಿಕೊಂಡರೆ ಅರಳು ಸಿಹಿಯಾಗುತ್ತದೆ, ಉಂಡೆ ನಿಲ್ಲುವುದಿಲ್ಲ. ಎರಡು ಅರಳುಗಳು ತಾಗುವ ಜಾಗದಲ್ಲಿ ನಿಂತ ಪಾಕವೇ ಉಂಡೆಯನ್ನು ಹಿಡಿಯುವುದು. ಕ್ಯಾಲ್ಸೈಟ್‌ನ ಕಥೆಯೂ ಅದೇ. ಒಂದು ಪಾಲು ಕಣದ ಮೈಗೆ ಲೇಪವಾಗಿ ವ್ಯರ್ಥವಾಗುತ್ತದೆ, ಇನ್ನೊಂದು ಪಾಲು ಕಣಗಳ ನಡುವೆ ಸೇತುವೆಯಾಗುತ್ತದೆ. ಶೇಕಡಾ ಇಷ್ಟು ಕ್ಯಾಲ್ಸೈಟ್ ಎಂಬ ಒಂದೇ ಅಂಕಿ ಹಿಡಿದು ಸಿಮ್ಯುಲೇಷನ್ ಮಾಡಿದವರ ಫಲಿತಾಂಶವನ್ನು ನಾನು ನಂಬುವುದಿಲ್ಲ. ಯಾಕೆಂದು ಮುಂದೆ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಹೆಜ್ಜೆ 1: ಕೈಯಲ್ಲಿ ಇರಬೇಕಾದ ಅಳತೆಗಳು

ಜರಡಿ ಹಿಡಿದು ಕಣಗಳ ಗಾತ್ರ, ಒಣ ಸಾಂದ್ರತೆ, ಬೆಸೆಯದ ಮರಳಿನ ಮೇಲೆ ಮೂರು ಟ್ರೈಯಾಕ್ಸಿಯಲ್ ಪರೀಕ್ಷೆ (ಸುತ್ತಲೂ ಒಂದೇ ಒತ್ತಡ ಹಿಡಿದು, ಮೇಲಿನಿಂದ ಒಡೆಯುವ ತನಕ ಒತ್ತುವುದು), ಬೆಸೆದ ಮರಳಿನ ಮೇಲೆ ಮೂರು. ಸುತ್ತೊತ್ತಡ 50, 100, 200 ಕಿಲೋಪಾಸ್ಕಲ್ ಇದ್ದರೆ ಒಳ್ಳೆಯದು. ಜೊತೆಗೆ ಸುತ್ತೊತ್ತಡವೇ ಇಲ್ಲದೆ ಮೇಲಿನಿಂದ ಮಾತ್ರ ಒತ್ತಿದ ಒಂದು ಪರೀಕ್ಷೆ. ಪ್ರಯೋಗಾಲಯ ಕೈಗೆಟುಕದಿದ್ದರೆ ಪ್ರಕಟವಾದ ಪರೀಕ್ಷೆಗಳ ಅಂಕಿಗಳನ್ನು ಬಳಸಿ, ಆದರೆ ಏಳೂ ಪರೀಕ್ಷೆಗಳು ಒಂದೇ ಮರಳಿನವಾಗಿರಲಿ.

ಕ್ಯಾಲ್ಸೈಟ್ ಅಳೆಯಲು ಸಾಮಾನ್ಯ ವಿಧಾನ, ಒಣಗಿಸಿ ತೂಗಿದ ತುಂಡನ್ನು ತಿಳಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ತೊಳೆದು, ಮತ್ತೆ ಒಣಗಿಸಿ ತೂಗುವುದು. ನಮ್ಮ ಕರಾವಳಿಯಲ್ಲಿ ಇದರೊಳಗೆ ಒಂದು ಮೋಸ ಅಡಗಿದೆ. ಕಡಲ ತೀರದ ಮರಳಿನಲ್ಲಿ ಮರುವಾಯಿ ಚಿಪ್ಪಿನ ಪುಡಿ ಇರುತ್ತದೆ, ಚಿಪ್ಪು ಕೂಡ ಕ್ಯಾಲ್ಸಿಯಂ ಕಾರ್ಬೊನೇಟೇ. ಆಮ್ಲಕ್ಕೆ ಬ್ಯಾಕ್ಟೀರಿಯಾ ಕೂರಿಸಿದ್ದು ಯಾವುದು, ಮರುವಾಯಿ ಬಿಟ್ಟುಹೋದದ್ದು ಯಾವುದು ಎಂಬ ಭೇದವಿಲ್ಲ. ಆದ್ದರಿಂದ ಬೆಸೆಯದ ಮರಳಿನ ಮೇಲೆಯೂ ಇದೇ ಪರೀಕ್ಷೆ ಮಾಡಿ, ಆ ಅಂಕಿಯನ್ನು ಕಳೆಯಿರಿ. ಚಂದ್ರಗಿರಿ ಹೊಳೆಯ ಮೇಲ್ಭಾಗದ ಮರಳಿನಲ್ಲಿ ಈ ತೊಂದರೆ ಕಡಿಮೆ. ಎಲ್ಲಿಯದಾದರೂ ಸರಿ, ಅನುಮತಿ ಇಲ್ಲದೆ ಮರಳಿಗೆ ಕೈ ಹಾಕಬೇಡಿ. ಒಂದು ಬಕೆಟ್ ಮರಳಿಗಾಗಿ ಠಾಣೆಯ ಮೆಟ್ಟಿಲು ಹತ್ತುವುದು ಬೇಡ.

ಹೆಜ್ಜೆ 2: ವಿಧಾನ ಮತ್ತು ತಂತ್ರಾಂಶ

1979ರಲ್ಲಿ ಪೀಟರ್ ಕಂಡಲ್ ಮತ್ತು ಓಟ್ಟೊ ಸ್ಟ್ರ್ಯಾಕ್ ಪ್ರಕಟಿಸಿದ ಡಿಸ್ಕ್ರೀಟ್ ಎಲಿಮೆಂಟ್ ವಿಧಾನವನ್ನು ನಾವು ಬಳಸುತ್ತೇವೆ. ಮರಳನ್ನು ಒಂದು ಮುದ್ದೆ ಎಂದು ಭಾವಿಸದೆ, ಪ್ರತಿಯೊಂದು ಕಣವನ್ನೂ ಒಂದು ಗೋಲಿ ಎಂದು ಎಣಿಸಿ, ಗೋಲಿ ಗೋಲಿಗೆ ತಾಗಿದಲ್ಲಿ ಒಂದು ಸ್ಪ್ರಿಂಗ್ ಮತ್ತು ಘರ್ಷಣೆ ಇಟ್ಟು, ನ್ಯೂಟನ್ನನ ನಿಯಮದಂತೆ ಚಿಕ್ಕ ಚಿಕ್ಕ ಕಾಲದ ಹೆಜ್ಜೆಗಳಲ್ಲಿ ಮುಂದೆ ನಡೆಸುವುದು ಇದರ ತಿರುಳು. 2004ರಲ್ಲಿ ಪೊಟ್ಯೊಂಡಿ ಮತ್ತು ಕಂಡಲ್ ಬಂಡೆಗಾಗಿ ರೂಪಿಸಿದ ಸಮಾಂತರ ಬೆಸುಗೆಯ ಮಾದರಿಯಲ್ಲಿ ಎರಡು ಗೋಲಿಗಳ ನಡುವೆ ಸಿಮೆಂಟಿನ ಒಂದು ಚಿಕ್ಕ ಬಿಲ್ಲೆ ಇದೆ ಎಂದು ಭಾವಿಸಲಾಗುತ್ತದೆ. ಎಳೆತ, ಜಾರುವಿಕೆ, ಬಾಗುವಿಕೆ, ತಿರುಚುವಿಕೆ ನಾಲ್ಕನ್ನೂ ಅದು ಹೊರುತ್ತದೆ, ಮಿತಿ ಮೀರಿದರೆ ಒಡೆಯುತ್ತದೆ.

ಪಿಎಫ್‌ಸಿ ಎಂಬ ತಂತ್ರಾಂಶದಲ್ಲಿ ಇದೆಲ್ಲ ಸಿದ್ಧವಾಗಿದೆ, ಆದರೆ ಅದಕ್ಕೆ ಹಣ ಕೊಡಬೇಕು. ಯಾಡೆ ಮತ್ತು ಲಿಗ್ಗ್‌ಟ್ಸ್ ಉಚಿತ. ನಾನು ಯಾಡೆ ಬಳಸುತ್ತೇನೆ. ಉಬುಂಟುವಿನಲ್ಲಿ ಸುಲಭವಾಗಿ ಕೂರುತ್ತದೆ, ಆಜ್ಞೆಗಳನ್ನು ಪೈಥಾನ್‌ನಲ್ಲಿ ಬರೆಯಬಹುದು, ಚಿತ್ರ ನೋಡಲು ಪ್ಯಾರಾವ್ಯೂ ಇದೆ.

ಹೆಜ್ಜೆ 3: ಗೋಲಿಗಳ ರಾಶಿ

ಒಂದು ಘನಮೀಟರ್ ಮರಳಿನಲ್ಲಿ, ಕಣದ ವ್ಯಾಸ ಸರಾಸರಿ 0.4 ಮಿ.ಮೀ. ಎಂದುಕೊಂಡರೆ, ಸುಮಾರು 1,800 ಕೋಟಿ ಕಣಗಳಿರುತ್ತವೆ. ಮನೆಯ ಕಂಪ್ಯೂಟರಿಗೆ 10,000 ಸಾಕು. ಶೇಕಡಾ 40 ಖಾಲಿ ಜಾಗ ಎಂದಾದರೆ ಅಷ್ಟು ಕಣಗಳು ಹಿಡಿಸುವುದು ಸುಮಾರು 8 ಮಿ.ಮೀ. ಬದಿಯ ಒಂದು ಘನದಲ್ಲಿ. ಅಂದರೆ ಒಂದು ಅಡಿಕೆಗಿಂತ ಎಷ್ಟೋ ಚಿಕ್ಕದು. ನಗಬೇಡಿ, ಬದಿಯ ಉದ್ದ ಕಣದ ವ್ಯಾಸದ 20 ಪಟ್ಟಿದೆ, ಸರಾಸರಿ ಒತ್ತಡವನ್ನು ಅಳೆಯಲು ಅಷ್ಟು ಸಾಕು.

ಗಾತ್ರವನ್ನು 0.2ರಿಂದ 0.6 ಮಿ.ಮೀ. ತನಕ ಹರಡಿ, ಗುರುತ್ವವನ್ನು ಸೊನ್ನೆ ಮಾಡಿ, ಆರು ಗೋಡೆಗಳ ಪೆಟ್ಟಿಗೆಯಲ್ಲಿ ಕಣಗಳನ್ನು ಸಡಿಲವಾಗಿ ಚೆಲ್ಲಿ, ಗೋಡೆಗಳನ್ನು ಮೆಲ್ಲಗೆ ಒಳಗೆ ತನ್ನಿ. ದಟ್ಟ ಮರಳು ಬೇಕಿದ್ದರೆ ಈ ಹಂತದಲ್ಲಿ ಕಣಗಳ ನಡುವಿನ ಘರ್ಷಣಾಂಕವನ್ನು 0.1ಕ್ಕೆ ಇಳಿಸಿ. ಜಾರಿಕೊಂಡು ಒತ್ತಾಗಿ ಕೂರುತ್ತವೆ. ಪ್ರಯೋಗಾಲಯದ ಸಾಂದ್ರತೆ ಬಂದೊಡನೆ 0.5ಕ್ಕೆ ಏರಿಸಿ. ಗೋಲಿ ನಿಜವಾದ ಮರಳಿನಂತೆ ಮೂಲೆಗಳುಳ್ಳದ್ದಲ್ಲ, ಸುಮ್ಮನೆ ಉರುಳಿಬಿಡುತ್ತದೆ. ಅದಕ್ಕಾಗಿ ಉರುಳುವಿಕೆಗೆ ಒಂದಿಷ್ಟು ತಡೆ ಕೊಡಲೇಬೇಕು.

ಹೆಜ್ಜೆ 4: ಮೊದಲು ಬೆಸೆಯದ ಮರಳನ್ನು ಗೆಲ್ಲಿರಿ

ಎಲ್ಲರಿಗೂ ಬೆಸುಗೆ ಹಾಕುವ ಅವಸರ. ತಾಳಿ. ಬೆಸೆಯದ ಮರಳಿನ ಮೂರು ಪರೀಕ್ಷೆಗಳು ನಿಮ್ಮ ಗೋಲಿಗಳಲ್ಲಿ ಸರಿಯಾಗಿ ಬರುವ ತನಕ ಬೆಸುಗೆಯ ಮಾತೆತ್ತಬೇಡಿ. ಇಲ್ಲಿ ಹೊಂದಿಸಬೇಕಾದದ್ದು ಮೂರೇ: ಸ್ಪ್ರಿಂಗಿನ ಬಿಗಿತ, ಘರ್ಷಣಾಂಕ, ಉರುಳುವಿಕೆಯ ತಡೆ. ಬೆಸುಗೆ ಒಡೆದ ಮೇಲೆ ಉಳಿಯುವುದು ಈ ಮೂರೇ ಆದ್ದರಿಂದ, ಇಲ್ಲಿ ತಪ್ಪಿದರೆ ಆ ತಪ್ಪನ್ನು ಮುಚ್ಚಲು ಬೆಸುಗೆಗೆ ಸುಳ್ಳು ಬಲ ಕೊಡಬೇಕಾಗುತ್ತದೆ.

ಬಿಗಿತಕ್ಕೆ ಕ್ವಾರ್ಟ್ಜ್‌ನ ನಿಜವಾದ 70 ಗಿಗಾಪಾಸ್ಕಲ್ ಬೇಡ, ಕಾಲದ ಹೆಜ್ಜೆ ತೀರಾ ಕಿರಿದಾಗಿ ಲೆಕ್ಕ ಮುಗಿಯುವುದೇ ಇಲ್ಲ. ಸುತ್ತೊತ್ತಡದ ಸಾವಿರ ಪಟ್ಟಿಗಿಂತ ಮೇಲಿದ್ದರೆ ಸಾಕು. 200 ಕಿಲೋಪಾಸ್ಕಲ್ ತನಕದ ಪರೀಕ್ಷೆಗೆ 300 ಮೆಗಾಪಾಸ್ಕಲ್‌ನಿಂದ ಆರಂಭಿಸಿ. ಆಗ 0.2 ಮಿ.ಮೀ. ಕಣಕ್ಕೆ ಸುರಕ್ಷಿತವಾದ ಕಾಲದ ಹೆಜ್ಜೆ ಒಂದು ಸೆಕೆಂಡಿನ ಕೋಟಿಯಲ್ಲೊಂದು ಭಾಗದ ಆಸುಪಾಸಿನಲ್ಲಿರುತ್ತದೆ.

ಒತ್ತುವ ವೇಗದ ಬಗ್ಗೆ ಹೊಸಬರಿಗೆ ಗೊಂದಲ. ಪ್ರಯೋಗಾಲಯದಲ್ಲಿ ಗಂಟೆ ಹಿಡಿಯುವುದನ್ನು ಇಲ್ಲಿ ಸೆಕೆಂಡಿನೊಳಗೆ ಮುಗಿಸುತ್ತೇವೆ, ಸರಿಯೇ? ಸರಿ, ಜಡತ್ವ ತಲೆಹಾಕದಿದ್ದರೆ. ವಿರೂಪದ ವೇಗವನ್ನು ಕಣದ ವ್ಯಾಸದಿಂದ ಗುಣಿಸಿ, ಅದನ್ನು ಸಾಂದ್ರತೆಯನ್ನು ಒತ್ತಡದಿಂದ ಭಾಗಿಸಿದ್ದರ ವರ್ಗಮೂಲದಿಂದ ಗುಣಿಸಿದರೆ ಜಡತ್ವಾಂಕ ಸಿಗುತ್ತದೆ. ಅದು 0.001ಕ್ಕಿಂತ ಸಾಕಷ್ಟು ಕೆಳಗಿರಬೇಕು. ಸೆಕೆಂಡಿಗೆ 1 ವಿರೂಪ (ಅಂದರೆ ಸೆಕೆಂಡಿಗೆ ಶೇಕಡಾ 100), 0.4 ಮಿ.ಮೀ., ಘನಮೀಟರಿಗೆ 2650 ಕಿಲೋ, 100 ಕಿಲೋಪಾಸ್ಕಲ್ ಹಾಕಿ ನೋಡಿ, 0.000065 ಬರುತ್ತದೆ. ಆರಾಮವಾಗಿ ಮಾಡಬಹುದು. ಶೇಕಡಾ 20 ಒತ್ತಲು 0.2 ಸೆಕೆಂಡು, ಅಂದರೆ ಸುಮಾರು 20 ಲಕ್ಷ ಹೆಜ್ಜೆ. ರಾತ್ರಿ ಬಿಟ್ಟು ಮಲಗಿ. ಜೂನ್, ಜುಲೈ ತಿಂಗಳಾದರೆ ಪ್ರತಿ 50,000 ಹೆಜ್ಜೆಗೊಮ್ಮೆ ಉಳಿಸುವ ಆಜ್ಞೆ ಬರೆದಿಡಿ. ಗಾಳಿಮಳೆಗೆ ತೆಂಗಿನ ಗರಿ ತಂತಿಯ ಮೇಲೆ ಬಿದ್ದು ವಿದ್ಯುತ್ ಹೋದರೆ ಇನ್ವರ್ಟರ್ ಬೆಳಗಿನ ತನಕ ಬರುವುದಿಲ್ಲ.

ಹೆಜ್ಜೆ 5: ಬೆಸುಗೆಯ ಗಾತ್ರವನ್ನು ತೂಕದಿಂದ ಕಂಡುಹಿಡಿಯುವುದು

ಇಡೀ ಕೆಲಸದ ಜೀವ ಇಲ್ಲಿದೆ, ಕಾಗದ ಪೆನ್ಸಿಲ್ ತೆಗೆದುಕೊಳ್ಳಿ.

ಮರಳಿನ ತೂಕದ ಶೇಕಡಾ 5 ಕ್ಯಾಲ್ಸೈಟ್ ಎಂದುಕೊಳ್ಳೋಣ. 0.4 ಮಿ.ಮೀ. ವ್ಯಾಸದ ಒಂದು ಕಣದ ಘನಗಾತ್ರ 0.0335 ಘನ ಮಿ.ಮೀ. ಮರಳಿನ ಸಾಂದ್ರತೆ 2.65, ಕ್ಯಾಲ್ಸೈಟ್‌ನದು 2.71. ಆದ್ದರಿಂದ ಒಂದು ಕಣದ ಪಾಲಿಗೆ ಬರುವ ಕ್ಯಾಲ್ಸೈಟ್ 0.00164 ಘನ ಮಿ.ಮೀ. ದಟ್ಟ ರಾಶಿಯಲ್ಲಿ ಒಂದು ಕಣ ಸರಾಸರಿ 6 ನೆರೆಯವರನ್ನು ಮುಟ್ಟುತ್ತದೆ. ಪ್ರತಿ ಸಂಪರ್ಕವನ್ನೂ ಇಬ್ಬರು ಹಂಚಿಕೊಳ್ಳುವುದರಿಂದ ಕಣವೊಂದಕ್ಕೆ 3 ಸಂಪರ್ಕ. ಕ್ಯಾಲ್ಸೈಟ್‌ನ ಅರ್ಧ ಮಾತ್ರ ಸಂಪರ್ಕದಲ್ಲಿ ಕೂತಿದೆ ಎಂದು ಊಹಿಸಿದರೆ ಪ್ರತಿ ಬೆಸುಗೆಗೆ 0.00027 ಘನ ಮಿ.ಮೀ.

ಎರಡು ಸಮಾನ ಗೋಲಿಗಳು ತಾಗಿರುವಲ್ಲಿ ಸುತ್ತಲಿನ ಸಂದಿಯನ್ನು ತುಂಬುವ ಬಿಲ್ಲೆಯ ಘನಗಾತ್ರ, ಬಿಲ್ಲೆಯ ತ್ರಿಜ್ಯದ ನಾಲ್ಕನೇ ಘಾತವನ್ನು ಪೈನಿಂದ ಗುಣಿಸಿ, ಗೋಲಿಯ ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದಷ್ಟು. ತಿರುಗಿಸಿ ಬಿಡಿಸಿದರೆ ಬಿಲ್ಲೆಯ ತ್ರಿಜ್ಯ 0.077 ಮಿ.ಮೀ., ಅಂದರೆ ಗೋಲಿಯ ತ್ರಿಜ್ಯದ 0.38 ಪಾಲು.

ಈಗ ಕ್ಯಾಲ್ಸೈಟ್ ಅಷ್ಟೇ ಇರಲಿ, ಆದರೆ ಸಂಪರ್ಕದಲ್ಲಿ ಕೂತದ್ದು ಹತ್ತನೇ ಒಂದು ಪಾಲು ಮಾತ್ರ ಎನ್ನಿ. ತ್ರಿಜ್ಯ 0.051 ಮಿ.ಮೀ.ಗೆ ಇಳಿಯುತ್ತದೆ. ಬೆಸುಗೆಯ ವಿಸ್ತೀರ್ಣ ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಬಾಗುವಿಕೆಯನ್ನು ತಡೆಯುವ ಶಕ್ತಿ ಮೂರನೇ ಒಂದಕ್ಕಿಂತಲೂ ಕೆಳಗೆ ಹೋಗುತ್ತದೆ. ಆಮ್ಲದ ಪರೀಕ್ಷೆಯಲ್ಲಿ ಎರಡಕ್ಕೂ ಶೇಕಡಾ 5 ಎಂದೇ ಬರುತ್ತದೆ! ಸಾಧ್ಯವಿದ್ದರೆ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನಾಲ್ಕಾರು ಚಿತ್ರಗಳನ್ನು ತೆಗೆಸಿ, ಬಿಲ್ಲೆಗಳ ಅಗಲವನ್ನು ಅಳೆದು, ಈ ಊಹೆಯ ಪಾಲನ್ನು ತಿದ್ದಿಕೊಳ್ಳಿ.

ಎಲ್ಲ ಬೆಸುಗೆಗಳಿಗೂ ಒಂದೇ ಗಾತ್ರ ಕೊಡಬೇಡಿ. ನೀರು ಹಾದುಹೋದ ದಾರಿಯಲ್ಲಿ ದಪ್ಪ, ಮೂಲೆಯಲ್ಲಿ ತೆಳು, ಕೆಲವೆಡೆ ಏನೂ ಇಲ್ಲ. 0.38 ಸರಾಸರಿಯಾಗಿರುವಂತೆ ಗಾತ್ರಗಳನ್ನು ಯಾದೃಚ್ಛಿಕವಾಗಿ ಹರಡಿ, ಒಂದಷ್ಟು ಸಂಪರ್ಕಗಳನ್ನು ಬೆಸುಗೆಯಿಲ್ಲದೆ ಬಿಡಿ. ಒಂದೇ ಗಾತ್ರದ ಬೆಸುಗೆಗಳು ಹೆಚ್ಚುಕಡಿಮೆ ಒಟ್ಟಿಗೆ ಸಿಡಿದು, ಒತ್ತಡದ ರೇಖೆಯಲ್ಲಿ ನಿಜಕ್ಕಿಂತ ಚೂಪಾದ ಶಿಖರ (ಮರಳು ಹೊರುವ ಗರಿಷ್ಠ ಒತ್ತಡ) ತೋರಿಸುತ್ತವೆ.

ಹೆಜ್ಜೆ 6: ಬೆಸುಗೆ ಹಾಕುವ ಗಳಿಗೆ

ಪ್ರಯೋಗಾಲಯದಲ್ಲಿ ಕ್ಯಾಲ್ಸೈಟ್ ಕೂರುವಾಗ ಮರಳು ಕೊಳವೆಯಲ್ಲಿ ಸುಮ್ಮನೆ ನಿಂತಿರುತ್ತದೆ, ಒತ್ತಡ ತೀರಾ ಕಡಿಮೆ. ಆಮೇಲೆ ಅದನ್ನು ಯಂತ್ರದಲ್ಲಿಟ್ಟು 100 ಕಿಲೋಪಾಸ್ಕಲ್‌ಗೆ ಏರಿಸುತ್ತಾರೆ. ಕಂಪ್ಯೂಟರಿನಲ್ಲೂ ಅದೇ ಕ್ರಮ: 5 ಅಥವಾ 10 ಕಿಲೋಪಾಸ್ಕಲ್‌ನಲ್ಲಿ ರಾಶಿಯನ್ನು ನಿಲ್ಲಿಸಿ, ಬೆಸೆದು, ಅನಂತರ ಸುತ್ತೊತ್ತಡ ಏರಿಸಿ. ಅನೇಕರು 100ಕ್ಕೆ ಏರಿಸಿದ ಮೇಲೆ ಬೆಸೆಯುತ್ತಾರೆ. ಆಗ ಬೆಸುಗೆಗೆ ಆ 100ರ ಭಾರ ತಾಗುವುದೇ ಇಲ್ಲ, ಏರಿಸುವಾಗಲೇ ಒಡೆಯಬೇಕಿದ್ದ ತೆಳು ಬೆಸುಗೆಗಳು ಬದುಕಿಕೊಳ್ಳುತ್ತವೆ.

ಯಾಡೆಯಲ್ಲಿ ಘರ್ಷಣೆಯ ಜೊತೆ ಬೆಸುಗೆಯನ್ನೂ ಹೊರುವ ಕೊಹ್‌ಫ್ರಿಕ್ಟ್ ಎಂಬ ಮಾದರಿ ಇದೆ. ಅದರಲ್ಲಿ ನೆನಪಿಡಬೇಕಾದ ಗುಂಡಿಗಳು, ಅಂದರೆ ಆಜ್ಞೆಯಲ್ಲಿ ಹೌದು ಅಥವಾ ಅಲ್ಲ ಎಂದು ಬರೆಯುವ ಆಯ್ಕೆಗಳು, ಕೆಲವೇ. 'ಈಗಿರುವ ಸಂಪರ್ಕಗಳನ್ನು ಬೆಸೆ' ಎಂಬ ಗುಂಡಿಯನ್ನು ಒಂದು ಹೆಜ್ಜೆಗೆ ಮಾತ್ರ ಒತ್ತಿ. 'ಹೊಸ ಸಂಪರ್ಕಗಳನ್ನೂ ಬೆಸೆ' ಎಂಬುದು ಕಡ್ಡಾಯವಾಗಿ ಮುಚ್ಚಿರಲಿ. ನಾನು ಮೊದಲ ಸಲ ಅದನ್ನು ತೆರೆದೇ ಬಿಟ್ಟಿದ್ದೆ. ಒತ್ತಿದಷ್ಟೂ ಬಲ ಏರುತ್ತಲೇ ಹೋಯಿತು, ಶಿಖರವೇ ಇಲ್ಲ. ಎಂಥ ಮರಳು ಕಂಡುಹಿಡಿದೆ ಎಂದು ಎರಡು ದಿನ ಬೀಗಿದ್ದೆ, ಒಡೆದ ಕಣಗಳು ಪಕ್ಕದ ಕಣಕ್ಕೆ ತಾಗಿದೊಡನೆ ಪುನಃ ಅಂಟಿಕೊಳ್ಳುತ್ತಿದ್ದವು ಅಷ್ಟೇ. ಒಡೆದ ಬೆಸುಗೆ ಒಡೆದೇ ಇರಲಿ ಎನ್ನುವ ಗುಂಡಿಯೂ ಇದೆ, ಅದು ತೆರೆದಿರಲಿ.

ತಾಗದೆ ಕೂದಲೆಳೆಯಷ್ಟು ದೂರವಿರುವ ಕಣಗಳ ನಡುವೆಯೂ ಕ್ಯಾಲ್ಸೈಟ್ ಸೇತುವೆ ಕಟ್ಟುತ್ತದೆ. ಅದಕ್ಕಾಗಿ ಸಂಪರ್ಕ ಪತ್ತೆಯ ವ್ಯಾಪ್ತಿಯನ್ನು 1.05 ಪಟ್ಟು ಹಿಗ್ಗಿಸಿ, ಒಂದು ಹೆಜ್ಜೆ ಓಡಿಸಿ ಬೆಸೆದು, ಮತ್ತೆ 1ಕ್ಕೆ ತನ್ನಿ.

ಇನ್ನೊಂದು ಎಚ್ಚರಿಕೆ. ಯಾಡೆ ಬೆಸುಗೆಯ ಎಳೆತದ ಬಲವನ್ನು ಲೆಕ್ಕ ಹಾಕುವುದು ನೀವು ಕೊಟ್ಟ ಅಂಕಿಯನ್ನು ಚಿಕ್ಕ ಕಣದ ತ್ರಿಜ್ಯದ ವರ್ಗದಿಂದ ಗುಣಿಸಿ, ಬಿಲ್ಲೆಯ ವಿಸ್ತೀರ್ಣದಿಂದಲ್ಲ. ಬಿಲ್ಲೆಯ ಬಲ 5 ಮೆಗಾಪಾಸ್ಕಲ್ ಎಂದು ಹಿಡಿದರೆ, ಪೈ ಮತ್ತು 0.38ರ ವರ್ಗದಿಂದ ಗುಣಿಸಿ ಸುಮಾರು 2.3 ಮೆಗಾಪಾಸ್ಕಲ್ ಎಂದು ಕೊಡಬೇಕು. ನಿಮ್ಮ ಆವೃತ್ತಿಯ ಕೈಪಿಡಿಯಲ್ಲಿ ಈ ಸೂತ್ರವನ್ನು ಒಮ್ಮೆ ನೋಡಿಕೊಳ್ಳಿ. ಬೆಸುಗೆ ಸೇರಿದಾಗ ಬಿಗಿತ ಹೆಚ್ಚುವ ಮಾದರಿಯಾದರೆ ಕಾಲದ ಹೆಜ್ಜೆಯನ್ನೂ ಕಿರಿದು ಮಾಡಿ.

ಹೆಜ್ಜೆ 7: ಒತ್ತುವ ಮೊದಲು ಫಲಿತಾಂಶ ಊಹಿಸಿ

ಇದು ನನ್ನ ಮೆಚ್ಚಿನ ಭಾಗ, ಐದು ನಿಮಿಷವೂ ಬೇಡ. 5 ಮೆಗಾಪಾಸ್ಕಲ್‌ನ ನಮ್ಮ ಬಿಲ್ಲೆ ಎಳೆತದಲ್ಲಿ ತಾಳುವ ಬಲ ಸುಮಾರು 0.09 ನ್ಯೂಟನ್. ಸುತ್ತೊತ್ತಡದಿಂದ ಒಂದು ಸಂಪರ್ಕಕ್ಕೆ ಬರುವ ಬಲ ಸರಿಸುಮಾರು ಒತ್ತಡವನ್ನು ವ್ಯಾಸದ ವರ್ಗದಿಂದ ಗುಣಿಸಿದಷ್ಟು: 100 ಕಿಲೋಪಾಸ್ಕಲ್‌ಗೆ 0.016 ನ್ಯೂಟನ್. ಬೆಸುಗೆ ಅದರ ಆರು ಪಟ್ಟು ಬಲಶಾಲಿ, ಆದ್ದರಿಂದ ಮರಳು ಕಲ್ಲಿನಂತೆ ವರ್ತಿಸಿ ಹಠಾತ್ತನೆ ಒಡೆಯುತ್ತದೆ. ಸುತ್ತೊತ್ತಡ 1000 ಕಿಲೋಪಾಸ್ಕಲ್ ಆದರೆ 0.16 ನ್ಯೂಟನ್. ಈಗ ಬೆಸುಗೆ ಚಿಕ್ಕದು, ಮರಳು ಮರಳಿನಂತೆಯೇ ಮೆಲ್ಲಗೆ ಬಾಗುತ್ತದೆ. ಆಳಕ್ಕೆ ಹೋದಂತೆ ಬ್ಯಾಕ್ಟೀರಿಯಾದ ಕೆಲಸದ ಬೆಲೆ ಇಳಿಯುವುದು ಈ ಕಾರಣಕ್ಕೆ. ತೀರದ ಮೇಲ್ಪದರದಲ್ಲಿ ಒತ್ತಡ ಕಡಿಮೆ, ಅಲ್ಲಿ ಅದರ ಬೆಲೆ ಅತಿ ಹೆಚ್ಚು.

ಹೆಜ್ಜೆ 8: ಒತ್ತಿ, ಓದಿ

ಮೇಲಿನ ಮತ್ತು ಕೆಳಗಿನ ಗೋಡೆಗಳನ್ನು ಹೇಳಿದ ವೇಗದಲ್ಲಿ ಒಳಗೆ ತಂದು, ಪಕ್ಕದ ಗೋಡೆಗಳನ್ನು ಒತ್ತಡ ಸ್ಥಿರವಾಗಿರುವಂತೆ ಬಿಡಿ. ಅಸಮತೋಲನದ ಬಲದ ಅನುಪಾತ (ಕಣಗಳ ಮೇಲೆ ಸಮತೋಲವಾಗದೆ ಉಳಿದ ಬಲ, ಸಂಪರ್ಕಗಳ ಬಲದ ಎಷ್ಟು ಪಾಲು ಎಂಬುದು) ಪರೀಕ್ಷೆಯುದ್ದಕ್ಕೂ 0.01ರ ಕೆಳಗಿದೆಯೇ ನೋಡುತ್ತಿರಿ.

ಒತ್ತಡ ಮತ್ತು ವಿರೂಪದ ರೇಖೆಯನ್ನು ಎಲ್ಲರೂ ಬಿಡಿಸುತ್ತಾರೆ. ಅದರ ಕೆಳಗೆ ಅದೇ ಅಡ್ಡ ಅಳತೆಯಲ್ಲಿ ಇನ್ನೆರಡು ರೇಖೆ ಬಿಡಿಸಿ: ಘನಗಾತ್ರದ ಬದಲಾವಣೆ, ಮತ್ತು ಒಡೆದ ಬೆಸುಗೆಗಳ ಎಣಿಕೆ, ಎಳೆತದಿಂದ ಒಡೆದದ್ದು ಬೇರೆ, ಜಾರಿ ಒಡೆದದ್ದು ಬೇರೆ. ಒಡೆಯುವುದು ಶಿಖರಕ್ಕೂ ಮೊದಲೇ ಆರಂಭವಾಗಿರುತ್ತದೆ. ಬಲವಾಗಿ ಬೆಸೆದ ಮರಳಿನಲ್ಲಿ ಅತಿ ವೇಗದ ಹಿಗ್ಗುವಿಕೆ ಶಿಖರದ ನಂತರ ಬರುತ್ತದೆ, ಯಾಕೆಂದರೆ ಬೆಸುಗೆ ಬಿಟ್ಟ ಮೇಲೆಯೇ ಕಣಗಳಿಗೆ ಒಂದರ ಮೇಲೊಂದು ಹತ್ತಲು ಬಿಡುವು ಸಿಗುವುದು. ನಿಮ್ಮ ರೇಖೆಯಲ್ಲಿ ಈ ಎರಡೂ ಕಾಣದಿದ್ದರೆ ಆರನೇ ಹೆಜ್ಜೆಗೆ ಹಿಂತಿರುಗಿ. ಗಟ್ಟಿ ಗೋಡೆಯ ಪೆಟ್ಟಿಗೆ ಓರೆಯಾದ ಸೀಳನ್ನು ಮುಕ್ತವಾಗಿ ಬೆಳೆಯಲು ಬಿಡುವುದಿಲ್ಲ. ಶಿಖರದ ನಂತರದ ಇಳಿತವೇ ನಿಮ್ಮ ವಿಷಯವಾದರೆ ಬಗ್ಗುವ ಪೊರೆಯಂಥ ಗಡಿ ಬರೆದುಕೊಳ್ಳುವ ಕಷ್ಟ ಪಡಲೇಬೇಕು.

ಹೆಜ್ಜೆ 9: ಹೊಂದಿಸುವುದು ಒಂದು, ಪರೀಕ್ಷಿಸುವುದು ಇನ್ನೊಂದು

ಬೆಸುಗೆಯ ಬಲವನ್ನು 100 ಕಿಲೋಪಾಸ್ಕಲ್‌ನ ಪರೀಕ್ಷೆಗೆ ಮಾತ್ರ ಹೊಂದಿಸಿ. ಆಮೇಲೆ ಯಾವ ಅಂಕಿಯನ್ನೂ ಮುಟ್ಟದೆ 50 ಮತ್ತು 200 ಓಡಿಸಿ. ಮೂರಕ್ಕೂ ಬೇರೆ ಬೇರೆ ಬಲ ಕೊಟ್ಟು ಮೂರೂ ರೇಖೆಗಳು ಹೊಂದಿದವು ಎನ್ನುವುದು ಉತ್ತರ ನೋಡಿ ಲೆಕ್ಕ ಬರೆದಂತೆ. ಯಾದೃಚ್ಛಿಕ ಬೀಜವನ್ನು (ಕಣಗಳನ್ನು ಹೇಗೆ ಚೆಲ್ಲಬೇಕೆಂದು ನಿರ್ಧರಿಸುವ ಆರಂಭದ ಅಂಕಿಯನ್ನು) ಬದಲಿಸಿ ಕನಿಷ್ಠ ಐದು ರಾಶಿಗಳಲ್ಲಿ ಪುನಃ ಮಾಡಿ, ಫಲಿತಾಂಶವನ್ನು ಗೆರೆಯಾಗಿ ಅಲ್ಲ, ಪಟ್ಟೆಯಾಗಿ ತೋರಿಸಿ.

ಮೂರೂ ಶಿಖರಗಳಲ್ಲಿ ಮೇಲಿನ ಒಟ್ಟು ಒತ್ತಡವನ್ನು ಸುತ್ತೊತ್ತಡದ ಎದುರು ಇಟ್ಟು ನೇರ ಗೆರೆ ಎಳೆದರೆ, ಇಳಿಜಾರಿನಿಂದ ಘರ್ಷಣ ಕೋನ, ಗೆರೆ ಸೊನ್ನೆಯಲ್ಲಿ ಕಡಿಯುವ ಎತ್ತರದಿಂದ ಅಂಟುಬಲ ಸಿಗುತ್ತದೆ. ಆ ಎತ್ತರವು ಸುತ್ತೊತ್ತಡವಿಲ್ಲದ ಪರೀಕ್ಷೆಯ ಬಲಕ್ಕೆ ಹತ್ತಿರ ಬರಬೇಕು. ಆ ಪರೀಕ್ಷೆಯನ್ನು ಮೊದಲ ಹೆಜ್ಜೆಯಲ್ಲೇ ಮಾಡಿಸಿಟ್ಟದ್ದು ಇದಕ್ಕಾಗಿ.

ತೀರದ ಇಡೀ ಇಳಿಜಾರಿನ ಲೆಕ್ಕಕ್ಕೆ ಗೋಲಿಗಳು ಸಾಲುವುದಿಲ್ಲ. ಈ ಕೋನ ಮತ್ತು ಅಂಟುಬಲವನ್ನು, ಬೆಸುಗೆ ಒಡೆದಂತೆ ಅಂಟುಬಲ ಇಳಿಯುವ ರೇಖೆಯ ಸಮೇತ, ಮರಳನ್ನು ಕಣಕಣವಾಗಿ ಅಲ್ಲದೆ ಒಂದೇ ಮುದ್ದೆಯಾಗಿ ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ತಂತ್ರಾಂಶಕ್ಕೆ ದಾಟಿಸಬೇಕು. ಆಗಲೂ ಒಂದು ಕೊರತೆ ಉಳಿಯುತ್ತದೆ. ಅಲೆ ಒಮ್ಮೆ ಒತ್ತಿ ಸುಮ್ಮನಾಗುವುದಿಲ್ಲ, ಸಾವಿರ ಸಲ ಒತ್ತುತ್ತದೆ. ನಾವು ಕಟ್ಟಿದ ಬೆಸುಗೆಗೆ ದಣಿವು ಗೊತ್ತಿಲ್ಲ, ಮಿತಿಯ ಕೆಳಗೆ ಎಷ್ಟು ಸಲ ಒತ್ತಿದರೂ ಅದು ಹೊಸದಾಗಿಯೇ ಇರುತ್ತದೆ. ಅಲೆಯ ಭಾರಕ್ಕೆ ಬಳಸುವುದಾದರೆ ಪ್ರತಿ ಸುತ್ತಿಗೂ ಬಲ ಸ್ವಲ್ಪ ಇಳಿಯುವ ನಿಯಮ ಸೇರಿಸಿ, ಅದನ್ನೂ ಪ್ರಯೋಗಾಲಯದ ಆವರ್ತ ಭಾರದ ಪರೀಕ್ಷೆಗೆ ಹೊಂದಿಸಬೇಕು.

ಗೋಲಿಗಳ ಲೆಕ್ಕದೊಳಗೆ ಬಾರದ ಇನ್ನೊಂದು ಅಂಕಿಯನ್ನು ವರದಿಯಲ್ಲಿ ಬರೆಯಿರಿ. ಒಂದು ಘನಮೀಟರ್ ಮರಳು 1600 ಕಿಲೋ ಎಂದರೆ ಶೇಕಡಾ 5 ಕ್ಯಾಲ್ಸೈಟ್ 80 ಕಿಲೋ. ಕ್ಯಾಲ್ಸೈಟ್‌ನ ಒಂದೊಂದು ಅಣುವಿಗೂ ಎರಡೆರಡು ಅಮೋನಿಯಂ ಹುಟ್ಟುತ್ತದೆ, ಒಟ್ಟು ಸುಮಾರು 29 ಕಿಲೋ, ಅದನ್ನು ತೊಳೆದು ಹೊರತೆಗೆಯಬೇಕು. ನೆರೆಮನೆಯ ಹಿರಿಯರಿಗೆ ಪರದೆಯ ಮೇಲೆ ಗೋಲಿಗಳು ಒಡೆಯುವುದನ್ನು ತೋರಿಸಿ ಈ ಅಂಕಿಯನ್ನೂ ಹೇಳಿದೆ. ಕಡಲಿನ ವಿಷಯ ಬಿಟ್ಟು ಅವರು ಕೇಳಿದ್ದು ತಮ್ಮ ಬಾವಿ ಆ ಜಾಗದಿಂದ ಎಷ್ಟು ದೂರವಿರಬೇಕು ಎಂದು.